ಆಮವಾತವೂ ರೋಗಿಯ ದಿನಲೇಖವೂ

೧. ವಿಷಯೋಪಕ್ರಮ

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಆಯುರ್ವೇದದ ಮೂಲಗ್ರಂಥಗಳಲ್ಲಿ ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ಇವುಗಳ ಪೈಕಿ ವೈದ್ಯನ ಗುಣಗಳನ್ನು ಕುರಿತು ಚರ್ಚೆ ಬಹಳವಾಗಿ ನಡೆದಿದೆ. ರೋಗಿಯ ಗುಣಗಳನ್ನು ವಿಚಾರಮಾಡಿದವರು ವಿರಳ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ರೋಗಿಗೆ ಇರಬೇಕಾದ ಗುಣಗಳು ಹೀಗೆ ಎಣಿಸಲ್ಪಟ್ಟಿವೆ: ಸ್ಮೃತಿ, ಎಂದರೆ ತನಗೆ ಯಾವಾಗ ಏನಾಯಿತೆಂಬ ನೆನಪು, ನಿರ್ದೇಶಕಾರಿತ್ವ, ಎಂದರೆ ವೈದ್ಯನು ಹೇಳಿದಂತೆ ನಡೆಯುವಿಕೆ, ಅಭೀರುತ್ವ, ಎಂದರೆ ಧೈರ್ಯ, ಜ್ಞಾಪಕತ್ವ, ಎಂದರೆ ತನ್ನ ಬಾಧೆಯನ್ನು ವೈದ್ಯನಿಗೆ ತಿಳಿಯುವಂತೆ ಹೇಳಬಲ್ಲ ಶಕ್ತಿ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇಂಥದೇ ಪಟ್ಟಿಯನ್ನು ಕೊಡುವಾಗ ಸ್ಮೃತಿಯನ್ನು ಬಿಟ್ಟು ಆಢ್ಯತ್ವವನ್ನು, ಎಂದರೆ ಧನವುಳ್ಳವನಾಗಿರುವಿಕೆಯನ್ನು, ಸೇರಿಸಿದ್ದಾನೆ. ಈ ಭೇದವು ಸಣ್ಣದಾಗಿ ತೋರಿದರೂ ಮುಂದಣ ವಿಚಾರಕ್ಕೆ ಉಪಯುಕ್ತವಾಗಿದೆ.

ರೂಢಿಯಲ್ಲಿ ಆಮವಾತವೆಂದು ಅನುವಾದಿಸಲ್ಪಡುವ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುರೋಗದಿಂದ ಬಳಲುವವರು ತಮ್ಮ ನೋವು, ಬಿಗಿತ, ಬಾವು, ಆಯಾಸಗಳನ್ನು ದಿನದಿನವೂ ಮೊಬೈಲು ಫೋನಿನಲ್ಲಿ ತಾವೇ ಗುರುತುಮಾಡಿಕೊಳ್ಳುವ ಪದ್ಧತಿಯು ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಹೊರದೇಶಗಳಲ್ಲಿ ಬೆಳೆದಿದೆ. ಅದಕ್ಕೆ ಬೇಕಾದ ಫೋನು ಮಲೆನಾಡಿನ ಮನೆಮನೆಗೂ ಬಂದಿದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಘಟ್ಟದ ಮೇಲಣ ತಾಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ರೋಗಿಗಳಿಗೆ ಈ ಪದ್ಧತಿಯಿಂದ ಏನು ಪ್ರಯೋಜನ, ಎಲ್ಲಿ ಅಪಾಯ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಮುಂದೆ ತೋರಿಸುವಂತೆ, ಈ ಸಾಧನವು ಚರಕೋಕ್ತವಾದ ನಾಲ್ಕು ಗುಣಗಳಲ್ಲಿ ಸ್ಮೃತಿ, ಜ್ಞಾಪಕತ್ವ ಎಂಬ ಎರಡನ್ನು ಪುಷ್ಟಿಗೊಳಿಸಬಲ್ಲುದು. ಅಜಾಗರೂಕತೆಯಿಂದ ಬಳಸಿದರೆ ಉಳಿದೆರಡನ್ನು ಕೆಡಿಸಬಲ್ಲುದು.

೨. ರೋಗದ ಹೆಸರೂ ಸ್ವರೂಪವೂ

ಹೆಸರಿನಲ್ಲಿಯೇ ಮೊದಲು ಗೊಂದಲವುಂಟು. ಕೀಲುನೋವು ಯಾವುದಾದರೂ ಜನರು ಅದನ್ನು ‘ವಾಯು’ ಎಂದೋ ‘ಸಂಧಿವಾತ’ ಎಂದೋ ಕರೆಯುವುದು ವಾಡಿಕೆ. ಶಾಸ್ತ್ರದಲ್ಲಾದರೋ ಭೇದಗಳಿವೆ. ಚರಕಸಂಹಿತೆಯಲ್ಲಿ ಸಂಧಿಗತವಾತವೂ ವಾತರಕ್ತವೂ ನಿರೂಪಿತವಾಗಿವೆ. ಆಮವಾತಕ್ಕೆ ಪ್ರತ್ಯೇಕವಾದ ಅಧ್ಯಾಯವನ್ನಿಟ್ಟು ಅದರ ನಿದಾನವನ್ನು ವಿವರಿಸಿದವನು ರೋಗವಿನಿಶ್ಚಯ ಅಥವಾ ಮಾಧವನಿದಾನವೆಂಬ ಗ್ರಂಥವನ್ನು ರಚಿಸಿದ ಮಾಧವಕರನು. ಇವನ ಕಾಲವು ಸುಮಾರು ಏಳು ಅಥವಾ ಎಂಟನೆಯ ಶತಮಾನ. ಪಾಶ್ಚಾತ್ಯರಲ್ಲಿ ಈ ರೋಗವನ್ನು ೧೮೦೦ರಲ್ಲಿ ಪ್ಯಾರಿಸಿನ ಲಾಂದ್ರೆ-ಬೋವೆ ಎಂಬ ವೈದ್ಯನು ವರ್ಣಿಸಿದನು. ೧೮೫೯ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಎಂಬಾತನು ಗೌಟ್ ರೋಗದಿಂದ ಇದನ್ನು ಬೇರ್ಪಡಿಸಿ ಈಗಿನ ಹೆಸರನ್ನು ಕೊಟ್ಟನು. ಆಮವಾತವೂ ಇದೂ ಸರ್ವಾಂಶದಲ್ಲಿಯೂ ಒಂದೇ ಎಂದು ಹೇಳಲಾಗದು. ಮಾಧವಕರನ ವರ್ಣನೆಯು ಒಂದಕ್ಕಿಂತ ಹೆಚ್ಚು ರೋಗಗಳಿಗೆ ಹೊಂದುವಷ್ಟು ವಿಶಾಲವಾಗಿದೆ. ಇಲ್ಲಿ ರೂಢಿಯನ್ನನುಸರಿಸಿ ಆ ಶಬ್ದವನ್ನು ಬಳಸಿದೆ.

ರೋಗದ ಸ್ವರೂಪವು ಸಂಕ್ಷೇಪವಾಗಿ ಹೀಗಿದೆ. ಶರೀರವನ್ನು ಹೊರಗಿನ ಶತ್ರುಗಳಿಂದ ಕಾಯಬೇಕಾದ ರಕ್ಷಣಶಕ್ತಿಯು ದಾರಿತಪ್ಪಿ ತನ್ನದೇ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಆ ಪೊರೆಯು ಉರಿಯೂತದಿಂದ ಬಾತು ದಪ್ಪವಾಗಿ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯತೊಡಗುತ್ತದೆ. ಕೈಬೆರಳಿನ ಬುಡದ ಮತ್ತು ನಡುವಿನ ಗಂಟುಗಳು, ಮಣಿಕಟ್ಟು, ಅಂಗಾಲಿನ ಮುಂಭಾಗದ ಗಂಟುಗಳು ಬಹುಮಟ್ಟಿಗೆ ಮೊದಲು ಹಿಡಿಯಲ್ಪಡುತ್ತವೆ. ಎಡಗಡೆಯಂತೆ ಬಲಗಡೆಯೂ ನೋಯುವುದು ಇದರ ಲಕ್ಷಣ. ಬೆಳಗ್ಗೆ ಎದ್ದಾಗ ಕೈಗಳು ಮರದಂತೆ ಬಿಗಿದಿದ್ದು ಒಂದು ತಾಸೋ ಅದಕ್ಕಿಂತ ಹೆಚ್ಚೋ ಸಡಿಲವಾಗದಿರುವುದು ಇನ್ನೊಂದು ಲಕ್ಷಣ. ಪುರುಷರಿಗಿಂತ ಸ್ತ್ರೀಯರಲ್ಲಿ ಈ ರೋಗವು ಎರಡು ಮೂರು ಪಾಲು ಹೆಚ್ಚು. ಉತ್ತರ ಭಾರತದ ಗ್ರಾಮೀಣರಲ್ಲಿ ನಡೆದು ೧೯೯೩ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ೭.೫ ಮಂದಿಗೆ ಇದು ಕಂಡುಬಂದಿತು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದುಂಟು. ಒಮ್ಮೆ ಸವೆದ ಎಲುಬು ಮೊದಲಿನಂತಾಗುವುದಿಲ್ಲ. ಈ ಸವೆತವು ಅನೇಕರಲ್ಲಿ ರೋಗವು ಮೊದಲಾದ ಎರಡು ವರ್ಷಗಳೊಳಗೇ ಕಾಣಿಸಿಕೊಳ್ಳುತ್ತದೆ. ಆದುದರಿಂದ ಈಗಿನ ಚಿಕಿತ್ಸಾಕ್ರಮವು ಕಾಲವನ್ನು ಕಟ್ಟುನಿಟ್ಟಾಗಿ ಎಣಿಸುವಂಥದು. ರೋಗವು ಪ್ರಬಲವಾಗಿರುವಾಗ ಒಂದರಿಂದ ಮೂರು ತಿಂಗಳಿಗೊಮ್ಮೆ ರೋಗಿಯನ್ನು ಪರೀಕ್ಷಿಸಬೇಕು. ಮೂರು ತಿಂಗಳಲ್ಲಿ ಗುಣ ತೋರದಿದ್ದರೆ, ಇಲ್ಲವೆ ಆರು ತಿಂಗಳಲ್ಲಿ ಉದ್ದಿಷ್ಟ ಫಲವು ದೊರೆಯದಿದ್ದರೆ, ಔಷಧವನ್ನು ಬದಲಿಸಬೇಕು ಎಂಬುದು ಯುರೋಪಿನ ವೈದ್ಯಸಂಘದ ವಿಧಿ. ಗುಣವಾಯಿತೇ ಇಲ್ಲವೇ ಎಂಬುದು ತಪ್ಪಾಗಿ ನಿರ್ಣಯವಾದರೆ ಅದರ ಬೆಲೆಯನ್ನು ಕೊಡಬೇಕಾದುದು ರೋಗಿಯ ಬೆರಳುಗಳು.

೩. ನೆನಪಿನ ಸಾಕ್ಷ್ಯ

ಈ ನಿರ್ಣಯಕ್ಕೆ ವೈದ್ಯನಿಗಿರುವ ಆಧಾರಗಳು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರೇ. ರಕ್ತಪರೀಕ್ಷೆ, ಛಾಯಾಚಿತ್ರಗಳೂ ದರ್ಶನದ ವಿಸ್ತಾರವೆನ್ನಬಹುದು. ಆದರೆ ಆಮವಾತವು ಒಂದೇ ಸಮನಾಗಿರುವ ರೋಗವಲ್ಲ. ಒಂದು ವಾರ ಉಲ್ಬಣಿಸಿ ಮತ್ತೊಂದು ವಾರ ತಗ್ಗುವುದು ಅದರ ಸ್ವಭಾವ. ವೈದ್ಯನು ನೋಡುವುದು ವರ್ಷದಲ್ಲಿ ನಾಲ್ಕಾರು ದಿನ; ಉಳಿದ ಮುನ್ನೂರೈವತ್ತಕ್ಕೂ ಮಿಕ್ಕ ದಿನಗಳ ವೃತ್ತಾಂತವು ಪ್ರಶ್ನದಿಂದಲೇ ತಿಳಿಯಬೇಕು. ಪ್ರಶ್ನಕ್ಕೆ ಉತ್ತರವು ರೋಗಿಯ ಸ್ಮೃತಿಯಿಂದ ಬರಬೇಕು.

ನೋವಿನ ವಿಷಯದಲ್ಲಿ ಸ್ಮೃತಿಯು ದುರ್ಬಲವಾದ ಸಾಕ್ಷಿ. ಮನುಷ್ಯನು ಅತಿಯಾದ ನೋವಿನ ಕ್ಷಣವನ್ನೂ ತೀರ ಈಚಿನ ದಿನಗಳನ್ನೂ ನೆನಪಿನಲ್ಲಿಟ್ಟು ನಡುವಣದನ್ನು ಮರೆಯುತ್ತಾನೆ. ಇಂದು ಹಿತವಾಗಿದ್ದರೆ ಕಳೆದ ತಿಂಗಳೂ ಹಿತವಾಗಿದ್ದಂತೆಯೇ ತೋರುವುದು. ಹಳ್ಳಿಗಳಲ್ಲಿ ಕಾಲವನ್ನು ಗುರುತಿಸುವ ಕ್ರಮವೂ ಬೇರೆ: ನೋವು ಆರಿದ್ರೆ ಮಳೆಯಲ್ಲಿ ಮೊದಲಾಯಿತು, ದೀಪಾವಳಿಗೆ ತಗ್ಗಿತು, ಹಿಂದಣ ಮಾರಿಜಾತ್ರೆಯ ವರ್ಷ ಕಾಲು ಬಾತಿತ್ತು ಎಂದು ಹೇಳುವುದು ಶಿರಸಿಯ ಸುತ್ತಿನಲ್ಲಿ ಸಹಜ. ಮಾರಿಕಾಂಬೆಯ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ಸುಗ್ಗಿಯ ಲೆಕ್ಕಕ್ಕೆ ಈ ಗುರುತುಗಳು ಸಾಕು. ಮೂರು ತಿಂಗಳ ಅವಧಿಯಲ್ಲಿ ಔಷಧದ ಫಲವನ್ನಳೆಯುವುದಕ್ಕೆ ಸಾಲವು.

ಶಿರಸಿ ತಾಲೂಕಿನದೇ ಆದ ಬನವಾಸಿಯ ಚರಿತ್ರೆಯನ್ನು ಬರೆಯುವವನು ಸ್ಥಳಪುರಾಣವನ್ನೂ ಶಾಸನವನ್ನೂ ಎದುರಿಗಿಟ್ಟುಕೊಂಡಾಗ, ಘಟನೆಯ ಕಾಲದಲ್ಲಿಯೇ ತಿಥಿಸಮೇತವಾಗಿ ಕೆತ್ತಿದುದಕ್ಕೆ ಹೆಚ್ಚು ಪ್ರಾಮಾಣ್ಯವನ್ನು ಕೊಡುತ್ತಾನಷ್ಟೆ. ಅನಂತರ ಹೇಳಿದ ಕಥೆಯು ಸುಳ್ಳೆಂದಲ್ಲ. ಅದು ಹೇಳುವ ಕಾಲದ ಬಣ್ಣವನ್ನು ಹೊಂದಿರುತ್ತದೆ. ರೋಗಿಯ ದಿನಲೇಖಕ್ಕೂ ನೆನಪಿಗೂ ಇರುವ ತಾರತಮ್ಯವು ಇದೇ ಬಗೆಯದು.

೪. ಸಾಧನದ ಕಾರ್ಯಕ್ರಮ

ಮೊಬೈಲಿನ ಆ್ಯಪ್ ಎಂದರೆ ಬೇರೇನೂ ಅಲ್ಲ. ನಿಯತವಾದ ವೇಳೆಯಲ್ಲಿ ನಿಯತವಾದ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ದಿನಾಂಕದೊಡನೆ ಬರೆದಿಟ್ಟು, ಬೇಕಾದಾಗ ರೇಖೆಯ ರೂಪದಲ್ಲಿ ತೋರಿಸುವ ಪುಸ್ತಕ. ಅದರ ಗುಣದೋಷಗಳು ಕೇಳುವ ಪ್ರಶ್ನೆಗಳ ಗುಣದೋಷಗಳನ್ನೇ ಅವಲಂಬಿಸಿವೆ. ಈ ಪ್ರಶ್ನೆಗಳು ಫೋನಿಗಿಂತ ಹಳೆಯವು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೇಮ್ಸ್ ಫ್ರೈಸ್ ಮತ್ತು ಅವರ ಸಂಗಡಿಗರು ೧೯೮೦ರಲ್ಲಿ ಪ್ರಕಟಿಸಿದ ಆರೋಗ್ಯಪ್ರಶ್ನಾವಳಿಯು ರೋಗಿಯು ದಿನನಿತ್ಯದ ಕೆಲಸಗಳನ್ನು ಎಷ್ಟರ ಮಟ್ಟಿಗೆ ಮಾಡಬಲ್ಲನೆಂಬುದನ್ನು ಕೇಳುತ್ತದೆ. ಇದರ ಭಾರತೀಯ ರೂಪವೊಂದು ಪರೀಕ್ಷಿತವಾಗಿ ೨೦೦೨ರಲ್ಲಿ ಪ್ರಕಟವಾಯಿತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡುವುದು, ಶೌಚಕ್ಕೆ ಕುಕ್ಕರುಗಾಲಿನಲ್ಲಿ ಕೂಡುವುದು, ಸೀರೆ ಅಥವಾ ಧೋತರ ಉಡುವುದು, ಆಟೋರಿಕ್ಷಾ ಹತ್ತಿ ಇಳಿಯುವುದು ಇಂಥ ಪ್ರಶ್ನೆಗಳು ಅದರಲ್ಲಿ ಸೇರಿದವು. ಕುರ್ಚಿಯ ಮೇಲೆ ಕುಳಿತು ಉಣ್ಣುವ ದೇಶದ ಪ್ರಶ್ನೆಗಳು ಪಂಕ್ತಿಯಲ್ಲಿ ಕುಳಿತು ಉಣ್ಣುವ ದೇಶಕ್ಕೆ ಸಾಲವೆಂಬುದನ್ನು ಆ ಸಂಶೋಧಕರು ಕಂಡುಕೊಂಡಿದ್ದರು.

ರೋಗಿಯೊಬ್ಬನೇ ತುಂಬಬಹುದಾದ ಮಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಥಿಯೊಡೊರ್ ಪಿಂಕಸ್ ಎಂಬ ವೈದ್ಯರು ರೂಪಿಸಿದ ‘ರ್ಯಾಪಿಡ್ ೩’. ಅದರಲ್ಲಿ ಮೂರು ಅಂಗಗಳು. ಮೊದಲನೆಯದು ಹತ್ತು ಕೆಲಸಗಳ ಪಟ್ಟಿ: ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು ಮೊತ್ತವನ್ನು ಮೂರರಿಂದ ಭಾಗಿಸಿದರೆ ಹತ್ತಕ್ಕೆ ಇಷ್ಟೆಂದು ಬರುವುದು. ಎರಡನೆಯದು ನೋವು, ಹತ್ತಕ್ಕೆ. ಮೂರನೆಯದು ಒಟ್ಟು ಸ್ಥಿತಿ, ಅದೂ ಹತ್ತಕ್ಕೆ. ಮೂರನ್ನೂ ಕೂಡಿಸಿದರೆ ಗರಿಷ್ಠ ಮೂವತ್ತು. ಮೂರು ಅಥವಾ ಅದರೊಳಗೆ ಇದ್ದರೆ ರೋಗವು ಶಮನಕ್ಕೆ ಸಮೀಪ, ಆರರವರೆಗೆ ಅಲ್ಪ, ಹನ್ನೆರಡರವರೆಗೆ ಮಧ್ಯಮ, ಅದನ್ನು ಮೀರಿದರೆ ತೀವ್ರ. ಉದಾಹರಣೆಗೆ, ಕೆಲಸಗಳ ಪಟ್ಟಿಯಲ್ಲಿ ೧೨ ಬಂದರೆ ಅದು ೪ ಆಗುವುದು. ನೋವು ೬, ಒಟ್ಟು ಸ್ಥಿತಿ ೫ ಎಂದಾದರೆ ಮೊತ್ತ ೧೫. ಇದು ತೀವ್ರ.

ನೋವನ್ನು ಅಂಕಿಯಿಂದ ಹೇಳುವುದು ನಮ್ಮ ಜನಕ್ಕೆ ಒಗ್ಗದೆಂಬ ಆಕ್ಷೇಪವು ಹುರುಳಿಲ್ಲದ್ದು. ಔಷಧವು ಎಷ್ಟು ನಾಟಿತೆಂದು ಕೇಳಿದರೆ ಎಂಟಾಣೆ ಗುಣವಾಗಿದೆ, ಹನ್ನೆರಡಾಣೆ ಗುಣವಾಗಿದೆ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಹದಿನಾರರ ಬದಲು ಹತ್ತು ಬಂದಿದೆ, ಅಷ್ಟೇ.

ವೈದ್ಯನು ಕೈಯಿಂದ ಮುಟ್ಟಿ ಎಣಿಸುವ ಮಾನವು ಬೇರೆ. ಅದರಲ್ಲಿ ಇಪ್ಪತ್ತೆಂಟು ಕೀಲುಗಳು: ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು ಇವು ಎರಡೆರಡರಂತೆ ಎಂಟು, ಬೆರಳಿನ ಬುಡದ ಗಂಟುಗಳು ಹತ್ತು, ಅವುಗಳ ಮುಂದಣ ಸಾಲಿನವು ಹತ್ತು. ಪಾದದ ಕೀಲುಗಳು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ತೋಟದ ಇಳಿಜಾರಿನಲ್ಲಿ ಬರಿಗಾಲಿನಿಂದ ಓಡಾಡುವವರ ಬಾಧೆಯು ಮೊದಲು ಅಂಗಾಲಿನಲ್ಲಿ ತೋರಿದರೆ ಇಪ್ಪತ್ತೆಂಟರ ಎಣಿಕೆಗೆ ಅದು ಸಿಕ್ಕುವುದಿಲ್ಲ. ರೋಗಿಯು ತನ್ನ ದಿನಲೇಖದಲ್ಲಿ ಪಾದದ ನೋವನ್ನು ಪ್ರತ್ಯೇಕವಾಗಿ ಬರೆದಿಟ್ಟಿದ್ದರೆ ಈ ನ್ಯೂನತೆಯು ತುಂಬುವುದು.

೫. ಹೊರದೇಶದ ಎರಡು ಪ್ರಯೋಗಗಳು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ನಡೆದ ಎರಡು ಪ್ರಯೋಗಗಳು ಇಲ್ಲಿ ಉಲ್ಲೇಖಾರ್ಹವಾಗಿವೆ. ‘ರೆಮೋರಾ’ ಎಂಬ ಮೊದಲನೆಯದರಲ್ಲಿ ಇಪ್ಪತ್ತು ಮಂದಿ ಆಮವಾತರೋಗಿಗಳು ಮೂರು ತಿಂಗಳ ಕಾಲ ಫೋನಿನಲ್ಲಿ ತಮ್ಮ ಸ್ಥಿತಿಯನ್ನು ಬರೆದರು. ಕೆಲವು ಪ್ರಶ್ನೆಗಳು ದಿನಕ್ಕೊಮ್ಮೆ, ಕೆಲವು ವಾರಕ್ಕೊಮ್ಮೆ, ಕೆಲವು ತಿಂಗಳಿಗೊಮ್ಮೆ. ಇದರ ವಿಶೇಷವೇನೆಂದರೆ ಬರೆದುದು ಫೋನಿನಲ್ಲಿಯೇ ಉಳಿಯದೆ ಆಸ್ಪತ್ರೆಯ ದಾಖಲೆಯೊಳಗೆ ನೇರವಾಗಿ ಸೇರಿತು. ರೋಗಿಯು ಎದುರಿಗೆ ಕುಳಿತಾಗ ವೈದ್ಯನು ಅವನೊಡನೆ ಕೂಡಿ ರೇಖೆಯನ್ನು ನೋಡಿದನು. ನಡುವೆ ಬಂದುಹೋಗಿದ್ದ ಉಲ್ಬಣಗಳು, ರೋಗಿಯು ಹೇಳಲು ಮರೆತವುಗಳು, ಅಲ್ಲಿ ಕಾಣಿಸಿದವು.

ಎರಡನೆಯದು ಹವೆಯನ್ನೂ ನೋವನ್ನೂ ಹೋಲಿಸಿದ ಪ್ರಯೋಗ. ೨೦೧೬ರ ಜನವರಿಯಿಂದ ಹದಿನೈದು ತಿಂಗಳ ಕಾಲ ನಡೆದು ೨೦೧೯ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ದೀರ್ಘಕಾಲದ ನೋವುಳ್ಳ ೨೬೫೮ ಜನರ ದಿನಲೇಖಗಳನ್ನು ಅವರವರು ಇದ್ದ ಸ್ಥಳದ ಹವಾಮಾನದೊಡನೆ ಹೊಂದಿಸಿ ನೋಡಲಾಯಿತು. ಇವರಲ್ಲಿ ಬಹುಮಂದಿ ಸಂಧಿರೋಗಿಗಳು. ಗಾಳಿಯಲ್ಲಿ ತೇವವು ಹೆಚ್ಚಿದ, ವಾಯುಭಾರವು ತಗ್ಗಿದ, ಗಾಳಿಯು ಜೋರಾಗಿ ಬೀಸಿದ ದಿನಗಳಲ್ಲಿ ನೋವು ಹೆಚ್ಚುವ ಸಂಭವವು ಸ್ವಲ್ಪ ಅಧಿಕವೆಂದು ತೋರಿತು. ಮಳೆಗಾಲದಲ್ಲಿ ಗಂಟು ನೋಯುವುದೆಂಬ ಲೋಕಾನುಭವಕ್ಕೆ ಇದರಿಂದ ಬೆಂಬಲ ದೊರೆತಂತಾಯಿತು. ಆದರೆ ಸಂಬಂಧವು ಅಲ್ಪಪ್ರಮಾಣದ್ದೆಂಬುದನ್ನು ಮರೆಯಲಾಗದು.

ದಿನ ಕಳೆದಂತೆ ಬರೆಯುವವರ ಉತ್ಸಾಹವು ಇಳಿಯುವುದು ಫೋನಿನಿಂದ ನಡೆಸಿದ ಹೆಚ್ಚಿನ ಅಧ್ಯಯನಗಳಲ್ಲಿ ಕಂಡುಬಂದ ಸಂಗತಿ. ಬರೆದುದನ್ನು ಯಾರೂ ಓದುವುದಿಲ್ಲವೆಂದು ತಿಳಿದವನು ಬರೆಯುವುದನ್ನು ಬಿಡುವುದು ಸಹಜವೇ ಸರಿ.

೬. ಮಲೆನಾಡಿಗೆ ಅನ್ವಯ

ಈಗ ಘಟ್ಟದ ಮೇಲಣ ಮೂರು ತಾಲೂಕುಗಳಿಗೆ ಬರಬಹುದು. ಕೀಲುರೋಗಕ್ಕೆಂದೇ ವಿಶೇಷಶಿಕ್ಷಣ ಪಡೆದ ವೈದ್ಯರು ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿಯೇ ಇರುವರು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ೧೦೦ ಕಿಲೋಮೀಟರು, ಯಲ್ಲಾಪುರದಿಂದ ಸುಮಾರು ೭೦. ಹಳ್ಳಿಯಿಂದ ಪೇಟೆಗೆ ಬರುವ ದಾರಿ ಬೇರೆ. ಜಿಲ್ಲೆಗೆ ಸುಸಜ್ಜಿತವಾದ ಆಸ್ಪತ್ರೆಯೊಂದು ಬೇಕೆಂದು ೨೦೧೯ರಲ್ಲಿಯೂ ೨೦೨೨ರಲ್ಲಿಯೂ ಜನರು ಸಾಮಾಜಿಕ ಜಾಲತಾಣಗಳ ಮೂಲಕ ಗಟ್ಟಿಯಾಗಿ ಕೇಳಿದುದು ಪ್ರಸಿದ್ಧವಾಗಿದೆ. ಒಂದು ಸಲದ ಭೇಟಿಗೆ ಒಂದಿಡೀ ದಿನ, ಜೊತೆಗೊಬ್ಬರು, ಪ್ರಯಾಣದ ಖರ್ಚು, ಅಂದಿನ ಕೂಲಿಯ ನಷ್ಟ. ವಾಗ್ಭಟನು ಆಢ್ಯತ್ವವನ್ನು ಏಕೆ ಸೇರಿಸಿದನೆಂಬುದು ಇಲ್ಲಿ ಅರ್ಥವಾಗುವುದು. ಇಷ್ಟು ವೆಚ್ಚದಿಂದ ದೊರೆತ ಹತ್ತು ನಿಮಿಷಗಳಲ್ಲಿ ಮೂರು ತಿಂಗಳ ವೃತ್ತಾಂತವು ವೈದ್ಯನಿಗೆ ಸರಿಯಾಗಿ ತಿಳಿಯದಿದ್ದರೆ ಆ ವೆಚ್ಚವು ವ್ಯರ್ಥ. ಚರಕನ ಸ್ಮೃತಿಯು ವಾಗ್ಭಟನ ಆಢ್ಯತ್ವದ ಕೊರತೆಯನ್ನು ಒಂದಿಷ್ಟಾದರೂ ತುಂಬಬಲ್ಲುದೆಂಬುದೇ ಈ ಸಾಧನದ ಪಕ್ಷದಲ್ಲಿ ಹೇಳಬಹುದಾದ ಬಲವಾದ ಮಾತು. ಭಾರತ ಸರಕಾರವು ೨೦೨೦ರ ಮಾರ್ಚ್ ೨೫ರಂದು ದೂರವೈದ್ಯಕ್ಕೆ ನಿಯಮಗಳನ್ನು ಪ್ರಕಟಿಸಿದುದರಿಂದ ಮುಂದುವರಿಯುವ ಚಿಕಿತ್ಸೆಯಲ್ಲಿ ಕೆಲವು ಭೇಟಿಗಳು ಫೋನಿನಲ್ಲಿಯೇ ನಡೆಯಬಹುದಾಗಿದೆ. ಮುಟ್ಟಿ ನೋಡಲಾಗದ ಅಂಥ ಭೇಟಿಯಲ್ಲಿ ದಿನಲೇಖಕ್ಕೆ ಮತ್ತಷ್ಟು ಬೆಲೆ.

ಆದರೆ ಇಲ್ಲಿಯ ದಿನಲೇಖದಲ್ಲಿ ಇಲ್ಲಿಯ ಜೀವನವು ಕಾಣಬೇಕು. ಅಡಿಕೆಯ ಕೊಯ್ಲು ನವೆಂಬರಿನ ಸುಮಾರಿಗೆ ಮೊದಲಾಗಿ ಹಲವು ತಿಂಗಳು ನಡೆಯುತ್ತದೆ. ಆ ಕಾಲದಲ್ಲಿ ಹೆಂಗಸರು ರಾತ್ರಿಯ ಹೊತ್ತು ಮೆಟ್ಟುಗತ್ತಿಯ ಮೇಲೆ ಕುಳಿತು ತಾಸುಗಟ್ಟಲೆ ಅಡಿಕೆ ಸುಲಿಯುತ್ತಾರೆ. ಎರಡು ಕೈಗಳ ಹೆಬ್ಬೆರಳೂ ಮಣಿಕಟ್ಟೂ ಎಡೆಬಿಡದೆ ದುಡಿಯುವ ಕೆಲಸವಿದು. ಒಬ್ಬ ರೋಗಿಯು ಡಿಸೆಂಬರಿನಲ್ಲಿ ಹೊಸ ಔಷಧವನ್ನು ಮೊದಲುಮಾಡಿದಳೆಂದು ಭಾವಿಸೋಣ. ಸುಲಿತದ ದೆಸೆಯಿಂದ ಜನವರಿಯಲ್ಲಿ ನೋವು ಹೆಚ್ಚಿದರೆ ಔಷಧವು ನಾಟಲಿಲ್ಲವೆಂದು ತೋರುವುದು. ಸುಲಿತ ಮುಗಿದು ಮಾರ್ಚಿಯಲ್ಲಿ ನೋವು ತಗ್ಗಿದರೆ ಔಷಧದಿಂದಲೇ ತಗ್ಗಿತೆಂದು ತೋರುವುದು. ಎರಡೂ ತಪ್ಪಾಗಿರಬಹುದು. ದಿನಲೇಖದಲ್ಲಿ ‘ಇಂದು ಸುಲಿತ’ ಎಂಬ ಒಂದು ಗುರುತಿದ್ದರೆ ಈ ಭ್ರಾಂತಿಯು ತಪ್ಪುವುದು.

ಮಳೆಯ ವಿಷಯವೂ ಹೀಗೆಯೇ. ಈ ಸೀಮೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದು. ನೋವು ಹೆಚ್ಚಿದರೆ ಥಂಡಿಯಿಂದ ಹೀಗೆ, ಬಿಸಿಲು ಬಿದ್ದರೆ ಹೋದೀತು ಎಂದು ಸುಮ್ಮನಿರುವುದು ವಾಡಿಕೆ. ಹವೆಯಿಂದ ಬಂದ ನೋವಿಗೂ ಒಳಗಿನ ಉರಿಯೂತಕ್ಕೂ ಭೇದವನ್ನು ತೋರಿಸುವ ಲಕ್ಷಣಗಳು ಮುಖ್ಯವಾಗಿ ಎರಡು: ಮುಂಜಾನೆಯ ಬಿಗಿತದ ಅವಧಿ ಮತ್ತು ಗಂಟಿನ ಬಾವು. ನೋವಿನ ಅಂಕಿ ಏರಿದ್ದರೂ ಬೆಳಗಿನ ಬಿಗಿತವು ಮೊದಲಿನಂತೆ ಹತ್ತು ನಿಮಿಷದಲ್ಲಿ ಬಿಡುತ್ತಿದ್ದು ಬಾವಿಲ್ಲದಿದ್ದರೆ ಅದೊಂದು ಬಗೆ. ಹತ್ತು ನಿಮಿಷವಿದ್ದುದು ನಲವತ್ತಾಗಿ, ನಲವತ್ತು ತೊಂಬತ್ತಾಗಿ, ಹಾಲು ಕರೆಯುವ ಹೊತ್ತಿಗೆ ಬೆರಳು ಮಡಚಲಾಗದಿದ್ದರೆ ಅದು ಬೇರೆಯೇ. ಎರಡನೆಯದಕ್ಕೆ ಮಳೆಗಾಲ ಮುಗಿಯಲೆಂದು ಕಾಯುವುದು ಎಲುಬಿನ ಸವೆತಕ್ಕೆ ಎಡೆಗೊಟ್ಟಂತೆ. ವೈದ್ಯನಿಗೆ ಕೂಡಲೆ ತಿಳಿಸತಕ್ಕದ್ದು.

ಬಾವಿಯಿಂದ ಒಂದು ಕೊಡ ನೀರು ಸೇದಲಾಯಿತೇ, ಹಾಲು ಕರೆಯಲಾಯಿತೇ, ನೆಲದ ಮೇಲೆ ಕುಳಿತು ಎದ್ದೇಳಲಾಯಿತೇ, ಚಪಾತಿಯ ಹಿಟ್ಟು ನಾದಲಾಯಿತೇ ಎಂಬ ನಾಲ್ಕಾರು ಪ್ರಶ್ನೆಗಳನ್ನು ರೋಗಿಯು ತಾನೇ ಸೇರಿಸಿಕೊಳ್ಳಬಹುದು. ಆದರೆ ಇವುಗಳನ್ನು ಮೇಲೆ ಹೇಳಿದ ಮಾನದ ಅಂಕಿಯೊಳಗೆ ಬೆರೆಸಲಾಗದು. ಲಿಪಿಕಾರನು ತನಗೆ ತೋರಿದ ಪಾಠವನ್ನು ಮೂಲದೊಳಗೇ ಸೇರಿಸಿದರೆ ಗ್ರಂಥವು ಕೆಡುವುದು, ಅಂಚಿನಲ್ಲಿ ಬರೆದರೆ ಉಪಕಾರವಾಗುವುದು. ಇಲ್ಲಿಯ ಪ್ರಶ್ನೆಗಳೂ ಅಂಚಿನಲ್ಲಿಯೇ ಇರಲಿ.

ಸಂಪರ್ಕದ ತೊಡಕೂ ಉಂಟು. ೨೦೨೦ರಲ್ಲಿ ಪಾಠಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಫೋನಿನ ಸಂಕೇತಕ್ಕಾಗಿ ಗುಡ್ಡವನ್ನೇರಿ ಪಾಠ ಕೇಳಿದುದನ್ನು ಎಲ್ಲರೂ ಬಲ್ಲರು. ಜಾಲವಿಲ್ಲದಿದ್ದರೂ ಬರೆದಿಟ್ಟುಕೊಂಡು ಸಂಪರ್ಕ ಸಿಕ್ಕಾಗ ಕಳುಹಿಸುವ ಸಾಧನವೇ ಇಲ್ಲಿಗೆ ತಕ್ಕುದು. ಅದರ ಮಾತು ಕನ್ನಡದಲ್ಲಿರಬೇಕು. ಬಾತ ಬೆರಳಿಗೆ ಸಣ್ಣ ಅಕ್ಷರಗಳನ್ನು ಒತ್ತುವುದೇ ಕಷ್ಟವಾದುದರಿಂದ ಒಂದು ಗೆರೆಯ ಮೇಲೆ ಬೆರಳೆಳೆದರೆ ಸಾಕಾಗುವಂತಿರಬೇಕು. ಫೋನೇ ಇಲ್ಲದವರಿಗೆ ಗೋಡೆಯ ಪಂಚಾಂಗದ ಮನೆಗಳಲ್ಲಿ ದಿನಕ್ಕೆರಡು ಅಂಕಿಗಳನ್ನು, ನೋವಿಗೊಂದು, ಬಿಗಿತದ ನಿಮಿಷಕ್ಕೊಂದು, ಬರೆದಿಟ್ಟರೂ ಪ್ರಯೋಜನದ ಬಹುಭಾಗವು ದೊರೆಯುವುದು. ಬರೆಯುವ ಕ್ರಮವು ಮುಖ್ಯ, ಫಲಕವಲ್ಲ.

೭. ಆಕ್ಷೇಪಗಳು, ಸಮಾಧಾನಗಳು

ಈ ಪದ್ಧತಿಗೆ ಬರಬಹುದಾದ ಆಕ್ಷೇಪಗಳಲ್ಲಿ ಎರಡು ಪ್ರಬಲವಾಗಿವೆ. ಇವು ಚರಕೋಕ್ತವಾದ ಉಳಿದೆರಡು ಗುಣಗಳಿಗೆ ಸಂಬಂಧಿಸಿದವು.

ಮೊದಲನೆಯದು ಅಭೀರುತ್ವದ ವಿಷಯ. ದಿನವೂ ನೋವನ್ನು ಅಳೆಯುತ್ತ ಕುಳಿತವನಿಗೆ ನೋವಿನ ಮೇಲೆಯೇ ಮನಸ್ಸು ನಾಟಿ, ಅಂಕಿ ಒಂದು ಏರಿದರೂ ಭಯ ಹುಟ್ಟೀತೆಂಬುದು ಆಕ್ಷೇಪ. ಇದು ನಿರಾಧಾರವಲ್ಲ. ಸಮಾಧಾನವೇನೆಂದರೆ, ಒಂದು ದಿನದ ಅಂಕಿಗೆ ಯಾವ ಅರ್ಥವೂ ಇಲ್ಲ. ಎರಡು ಮೂರು ವಾರಗಳ ಗತಿಗೆ ಮಾತ್ರ ಅರ್ಥ. ಆದುದರಿಂದ ದಿನಕ್ಕೊಮ್ಮೆ ಒಂದೆರಡು ನಿಮಿಷದಲ್ಲಿ ಬರೆದು ಮುಚ್ಚಿಡಬೇಕು. ರೋಗವು ಶಾಂತವಾಗಿರುವ ಕಾಲದಲ್ಲಿ ವಾರಕ್ಕೊಮ್ಮೆ ಸಾಕು. ಬರೆಯುವುದರಿಂದಲೇ ಚಿಂತೆ ಹೆಚ್ಚುವವರು ವೈದ್ಯನಿಗೆ ಹೇಳಿ ಬಿಟ್ಟುಬಿಡುವುದರಲ್ಲಿ ದೋಷವಿಲ್ಲ.

ಎರಡನೆಯದು ನಿರ್ದೇಶಕಾರಿತ್ವದ ವಿಷಯ; ಇಲ್ಲಿಯ ಅಪಾಯವು ಹೆಚ್ಚು ಘೋರ. ತನ್ನ ರೇಖೆಯನ್ನು ತಾನೇ ನೋಡಿದವನು ನೋವು ತಗ್ಗಿತೆಂದು ಔಷಧವನ್ನು ಬಿಡುವ, ಏರಿತೆಂದು ಇಮ್ಮಡಿಸುವ ಸಂಭವವುಂಟು. ಈ ರೋಗದಲ್ಲಿ ಬಹುವಾಗಿ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳತಕ್ಕದ್ದು. ಇದನ್ನು ತಪ್ಪಾಗಿ ದಿನವೂ ನುಂಗಿದವರು ಬಾಯಿಹುಣ್ಣು, ರಕ್ತಕಣಗಳ ಕ್ಷಯಗಳಿಗೆ ಗುರಿಯಾಗಿ ಪ್ರಾಣವನ್ನೇ ಕಳೆದುಕೊಂಡುದುಂಟು. ಇಲ್ಲಿ ಫೋನು ಮಿತ್ರನಾಗಬಲ್ಲುದು: ವಾರದ ಯಾವ ದಿನ ನುಂಗಬೇಕೆಂದು ನೆನಪಿಸಿ, ನುಂಗಿದುದನ್ನು ಗುರುತುಮಾಡಿಸಿ, ಎರಡನೆಯ ಸಲವನ್ನು ತಡೆಯಬಲ್ಲುದು. ರಕ್ತಪರೀಕ್ಷೆಯ ದಿನವನ್ನೂ ನೆನಪಿಸಬಲ್ಲುದು. ಆದರೆ ಪ್ರಮಾಣವನ್ನು ಬದಲಿಸುವ ಅಧಿಕಾರವು ಅದಕ್ಕಿಲ್ಲ, ರೋಗಿಗೂ ಇಲ್ಲ. ಲೇಖವು ಸಾಕ್ಷಿ ಮಾತ್ರ. ಸಾಕ್ಷಿಯೇ ತೀರ್ಪನ್ನು ಹೇಳಬಾರದು.

ಸೇವಿಸಿದ ಎಲ್ಲ ಔಷಧಗಳನ್ನೂ ಬರೆಯಬೇಕೆಂಬುದು ಇದಕ್ಕೆ ಸೇರಿದ ಇನ್ನೊಂದು ವಿಧಿ. ಸಿದ್ದಾಪುರದಲ್ಲಿ ಆಯುರ್ವೇದ ಮಹಾವಿದ್ಯಾಲಯವಿದೆ. ಕಷಾಯ, ತೈಲಗಳ ಬಳಕೆ ಈ ಸೀಮೆಯಲ್ಲಿ ಮನೆಮನೆಯದು. ಒಂದು ಪದ್ಧತಿಯ ವೈದ್ಯನಿಂದ ಇನ್ನೊಂದನ್ನು ಮುಚ್ಚಿಡುವವರು ಬಹಳ. ಹಾಗೆ ಮುಚ್ಚಿಟ್ಟರೆ ಉಪಶಯವು ಯಾವುದರಿಂದ, ಅನುಪಶಯವು ಯಾವುದರಿಂದ ಎಂಬುದು ಇಬ್ಬರಿಗೂ ತಿಳಿಯದು. ಹೆಸರೇ ಇಲ್ಲದ ಪುಡಿಗಳ ವಿಷಯದಲ್ಲಂತೂ ವಿಶೇಷವಾದ ಎಚ್ಚರ ಬೇಕು. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದುದು ಪರೀಕ್ಷೆಗಳಲ್ಲಿ ಹೊರಬಿದ್ದಿದೆ. ಎಂಟರಲ್ಲಿದ್ದ ನೋವು ಒಂದೇ ದಿನದಲ್ಲಿ ಒಂದಕ್ಕಿಳಿದುದನ್ನು ರೇಖೆಯು ತೋರಿಸಿದರೆ ಸಂತೋಷಪಡುವುದಕ್ಕೆ ಮೊದಲು ಆ ಪುಡಿಯನ್ನು ವೈದ್ಯನಿಗೆ ತೋರಿಸುವುದು ಲೇಸು.

ಯಾವ ಲೇಖಕ್ಕೂ ಕಾಯದೆ ಆಸ್ಪತ್ರೆಗೆ ಹೋಗತಕ್ಕ ಸಂದರ್ಭಗಳೂ ಇವೆ: ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಗೆ ಬಾತು ಜ್ವರ ಬರುವುದು, ಉಸಿರು ಕಟ್ಟುವುದು, ಕಾಮಾಲೆ, ಔಷಧ ಸೇವಿಸುವಾಗ ಬಾಯಿಹುಣ್ಣು ಅಥವಾ ಜ್ವರ. ಸಿದ್ದಾಪುರದ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಅರಣ್ಯದಲ್ಲಿ ೧೯೫೭ರಲ್ಲಿ ಗುರುತಿಸಲ್ಪಟ್ಟ ಮಂಗನಕಾಯಿಲೆಯು ಸಿದ್ದಾಪುರದ ಕಡೆಯೂ ಕಾಣಿಸಿಕೊಂಡಿದೆ. ಚಳಿಗಾಲ, ಬೇಸಗೆಗಳಲ್ಲಿ ಜ್ವರದೊಡನೆ ಮೈಕೈನೋವು ಬಂದರೆ ಅದನ್ನು ಹಳೆಯ ವಾಯುವಿನ ಲೆಕ್ಕಕ್ಕೆ ಬರೆದು ಕೂಡಬಾರದು. ಚಿಕುನ್‌ಗುನ್ಯಾ ಜ್ವರದ ಅನಂತರವೂ ಆಮವಾತವನ್ನು ಹೋಲುವ ಕೀಲುನೋವು ತಿಂಗಳುಗಟ್ಟಲೆ ಉಳಿಯುವುದುಂಟು. ದಿನಲೇಖವು ರೋಗನಿರ್ಣಯವನ್ನು ಮಾಡಲಾರದು. ನಿರ್ಣಯವಾದ ರೋಗದ ಗತಿಯನ್ನು ತೋರಿಸಬಲ್ಲುದು.

ಕೊನೆಯದಾಗಿ ಗೋಪ್ಯದ ಮಾತು. ಬರೆದುದು ಎಲ್ಲಿ ಸೇರುವುದು, ಯಾರ ಕೈಗೆ ಹೋಗುವುದು ಎಂಬುದನ್ನು ತಿಳಿಯದೆ ಆ್ಯಪನ್ನು ಬಳಸಬಾರದು. ಇಂಥ ವಿವರಗಳ ರಕ್ಷಣೆಗಾಗಿ ೨೦೨೩ರಲ್ಲಿ ಭಾರತದಲ್ಲಿ ಕಾಯಿದೆಯೊಂದು ಆಗಿದೆ. ಆದರೆ ಮನೆಯೊಳಗಿನ ಗೋಪ್ಯವು ಕಾಯಿದೆಗೆ ನಿಲುಕದು. ಕೂಡುಕುಟುಂಬದಲ್ಲಿ ಒಂದು ಫೋನು ಹಲವರ ಕೈಯಲ್ಲಿ ಆಡುವುದು; ಮದುವೆಯಾಗಬೇಕಾದ ಹುಡುಗಿಯ ರೋಗವೃತ್ತಾಂತವು ಬಂದುಹೋಗುವವರ ಕಣ್ಣಿಗೆ ಬಿದ್ದರೆ ಅದರ ಪರಿಣಾಮವನ್ನು ಹೇಳಬೇಕಾಗಿಲ್ಲ. ಲೇಖಕ್ಕೆ ಗುಪ್ತಸಂಕೇತದ ಬೀಗವಿರುವುದು ಅವಶ್ಯ. ಅದನ್ನು ತೆರೆಯುವ ಹಕ್ಕು ರೋಗಿಯದು.

೮. ಉಪಸಂಹಾರ

ಇಲ್ಲಿಯವರೆಗೆ ಹೇಳಿದುದರಿಂದ ಸಿದ್ಧವಾಗುವುದಿಷ್ಟು. ಮೊಬೈಲಿನ ದಿನಲೇಖವು ಔಷಧವಲ್ಲ, ವೈದ್ಯನೂ ಅಲ್ಲ. ರೋಗಿಯ ನೆನಪಿಗೆ ಊರುಗೋಲು, ಅವನ ಮಾತಿಗೆ ಆಧಾರ. ಅದರ ಫಲವು ಮೂರು ನಿಯಮಗಳಿಗೆ ಅಧೀನವಾಗಿದೆ: ಅಂದಿನದನ್ನು ಅಂದೇ ಬರೆಯಬೇಕು, ಪ್ರಶ್ನೆಗಳನ್ನು ನಡುವೆ ಬದಲಿಸಬಾರದು, ಬರೆದುದನ್ನು ವೈದ್ಯನಿಗೆ ತೋರಿಸಿ ಅವನು ಹೇಳಿದಂತೆ ನಡೆಯಬೇಕು. ಮೂರನೆಯ ನಿಯಮದಲ್ಲಿ ವೈದ್ಯನ ಕರ್ತವ್ಯವೂ ಅಡಗಿದೆ. ನೂರು ಕಿಲೋಮೀಟರು ದೂರದಿಂದ ಬಂದ ರೋಗಿಯು ತೊಂಬತ್ತು ದಿನಗಳ ಲೇಖವನ್ನು ಮುಂದಿಟ್ಟಾಗ ಅದನ್ನು ಎರಡು ನಿಮಿಷವಾದರೂ ನೋಡದ ವೈದ್ಯನು ಪ್ರಶ್ನವೆಂಬ ಪರೀಕ್ಷೆಯನ್ನು ಬಿಟ್ಟವನಾಗುತ್ತಾನೆ. ಪಾದಚತುಷ್ಟಯದಲ್ಲಿ ರೋಗಿಯನ್ನೂ ಒಂದು ಪಾದವಾಗಿ ಎಣಿಸಿದ ಪ್ರಾಚೀನರು ಅವನಿಗೆ ಕರ್ತವ್ಯವನ್ನು ಮಾತ್ರವಲ್ಲದೆ ಸ್ಥಾನವನ್ನೂ ಕೊಟ್ಟಿದ್ದರು. ಆ ಸ್ಥಾನವನ್ನು ಉಳಿಸಿಕೊಳ್ಳಲು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ರೋಗಿಗಳಿಗೆ ಈಗ ದೊರೆತಿರುವ ಸಾಧನಗಳಲ್ಲಿ ದಿನಕ್ಕೆರಡು ಅಂಕಿಗಳ ಈ ಲೇಖವು ಅತ್ಯಂತ ಸುಲಭವಾದುದು.